ಮಂದಿರದ ಇಳಿಜಾರು ರಸ್ತೆ: ಅಗಲ ಎಷ್ಟು, ನೀರು ಎಲ್ಲಿಗೆ?

ಗುಡ್ಡೆಮನೆ

ವಾರ್ಡಿನ ಈ ಚರ್ಚೆಯಲ್ಲಿರುವ ಎಲ್ಲರಿಗೂ ನಮಸ್ಕಾರ. ಭಜನಾ ಮಂದಿರದ ಎದುರಿನಿಂದ ಬೈಲಿಗೆ (ಗುಡ್ಡದ ಕೆಳಗಿನ ತಗ್ಗು ಪ್ರದೇಶಕ್ಕೆ) ಇಳಿದು, ತೋಡು (ಸಣ್ಣ ಹಳ್ಳ) ದಾಟಿ ಅಂಗನವಾಡಿಯವರೆಗೆ ಹೋಗುವ ನಮ್ಮ ರಸ್ತೆಗೆ ಈ ವರ್ಷದ ಯೋಜನೆಯಲ್ಲಿ ಹಣ ಇರಿಸಿದ್ದಾರೆಂಬ ಸುದ್ದಿ ಎಲ್ಲರಿಗೂ ತಲುಪಿದೆ. ಈಗಿರುವ 3 ಮೀಟರ್ ಡಾಂಬರು ರಸ್ತೆಯನ್ನು 5 ಮೀಟರಿಗೆ ಅಗಲಿಸಿ, ಇಳಿಜಾರಿನ ಸುಮಾರು 400 ಮೀಟರ್ ಭಾಗಕ್ಕೆ ಕಾಂಕ್ರೀಟು ಹಾಕುವುದು ಯೋಜನೆ. ಅದಕ್ಕಾಗಿ ಎರಡು ಬದಿಯ ಮನೆಯವರು ತಲಾ ಒಂದು ಮೀಟರ್ ಜಾಗವನ್ನು ಉಚಿತವಾಗಿ ಬಿಟ್ಟುಕೊಡಬೇಕು ಎಂಬ ಸಮ್ಮತಿ ಪತ್ರ ಕಳೆದ ವಾರದಿಂದ ಮನೆ ಮನೆಗೆ ಬರುತ್ತಿದೆ.

ರಸ್ತೆ ಬೇಡವೆಂದು ನಾನು ಹೇಳುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮಲ್ಲಿ ಪ್ರಶ್ನೆ ಕೇಳಿದವನನ್ನು ಅಭಿವೃದ್ಧಿಯ ವಿರೋಧಿ ಎಂದು ಕರೆಯಲು ಎರಡು ನಿಮಿಷ ಸಾಕು. ಆದರೆ ಎಸ್ಟಿಮೇಟಿನ ಪ್ರತಿಯನ್ನು ನಾನು ನೋಡಿದೆ. ಅದರಲ್ಲಿ ಕಾಂಕ್ರೀಟಿನ ದಪ್ಪ ಇದೆ, ಜಲ್ಲಿಯ ಪ್ರಮಾಣ ಇದೆ, ಅಂಚಿನ ಮಣ್ಣು ತುಂಬಿಸುವ ಲೆಕ್ಕ ಇದೆ. ಚರಂಡಿ ಮಾತ್ರ ಇಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ, ಗುಡ್ಡದ ಬದಿಯಲ್ಲಿ ಇಳಿಯುವ ರಸ್ತೆಗೆ ಚರಂಡಿಯಿಲ್ಲದ ಎಸ್ಟಿಮೇಟ್ ಹೇಗೆ ತಯಾರಾಯಿತು ಎಂಬುದು ನನ್ನ ಮೊದಲ ಪ್ರಶ್ನೆ.

ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 400 ಮೀಟರ್ ಉದ್ದ, 3 ಮೀಟರ್ ಅಗಲವೆಂದರೆ 1,200 ಚದರ ಮೀಟರ್. ಜೂನ್ ತಿಂಗಳಲ್ಲಿ ದಿನಕ್ಕೆ 100 ಮಿಲಿಮೀಟರ್ ಮಳೆ ನಮಗೆ ಹೊಸತಲ್ಲ, ಅಂದರೆ ಒಂದೇ ದಿನ 1,20,000 ಲೀಟರ್. ಅಗಲ 5 ಮೀಟರ್ ಆದರೆ 2,00,000 ಲೀಟರ್. ಮೇಲಿನ ಗುಡ್ಡದಿಂದ ಹರಿದು ಬರುವುದು ಇದರಲ್ಲಿ ಸೇರಿಲ್ಲ. ಈಗ ಅಂಚಿನ ಮಣ್ಣು ಒಂದಿಷ್ಟನ್ನಾದರೂ ಕುಡಿಯುತ್ತದೆ. ಕಾಂಕ್ರೀಟು ಹನಿಯನ್ನೂ ಕುಡಿಯುವುದಿಲ್ಲ. ಅಷ್ಟು ನೀರು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸಿದ ಮೇಲೆ ಅಗಲದ ಮಾತಾಡೋಣ ಎಂಬುದು ನನ್ನ ವಿನಂತಿ. ಸದಸ್ಯರೂ ಇಂಜಿನಿಯರಿಂಗ್ ವಿಭಾಗದವರೂ ಇಲ್ಲಿಯೇ ಉತ್ತರಿಸಿದರೆ ಎಲ್ಲರಿಗೂ ಅನುಕೂಲ.

ಮಂದಿರ ಸ್ಟ್ಯಾಂಡಿನ ಆಟೋ

ಚರಂಡಿ, ಲೀಟರ್, ಮಿಲಿಮೀಟರ್ ಎಲ್ಲ ಸರಿ. ಆ ಇಳಿಜಾರಿನಲ್ಲಿ ಎದುರಿನಿಂದ ಪಿಕಪ್ ಬಂದರೆ ನಾನು ಹಲಸಿನ ಮರದ ತಿರುವಿನ ತನಕ ರಿವರ್ಸ್ ಹೋಗಬೇಕು, ಹಿಂದೆ ಕುಳಿತ ಅಜ್ಜಿ ದೇವರ ನಾಮ ಹೇಳಲು ಆರಂಭಿಸುತ್ತಾರೆ. ಎರಡು ವರ್ಷಗಳಲ್ಲಿ ಎರಡು ಸಲ ಮುಂದಿನ ಫೋರ್ಕ್ ಬದಲಾಯಿಸಿದ್ದೇನೆ. ಇಂತಹ ಚರ್ಚೆಯಲ್ಲಿ ಮಾರ್ಚ್ 31 ದಾಟಿದರೆ ಹಣ ಹೋಗುತ್ತದೆ, ರಸ್ತೆ ಹೀಗೆಯೇ ಉಳಿಯುತ್ತದೆ. ಸಿಕ್ಕಿದ್ದನ್ನು ಮೊದಲು ಮಾಡಿಸಿಕೊಳ್ಳೋಣ.

ಬೈಲಿನ ಕೃಷಿಕ

ಆಟೋದವರ ಕಷ್ಟ ನನಗೆ ಗೊತ್ತಿದೆ. ನನ್ನ ಅಡಿಕೆ ಗೋಣಿಗಳು ಈಗಲೂ ತಲೆಹೊರೆಯಲ್ಲಿ ಮಂದಿರದವರೆಗೆ ಬರುತ್ತವೆ, ಪಿಕಪ್‌ನವರು ಮಳೆಗಾಲದಲ್ಲಿ ಇಳಿಯಲು ಒಪ್ಪುವುದಿಲ್ಲ. ಆದರೂ ಗುಡ್ಡೆಮನೆಯವರು ಕೇಳಿದ ಪ್ರಶ್ನೆಯ ಉತ್ತರ ಪ್ರತಿ ವರ್ಷ ನನ್ನ ತೋಟದಲ್ಲಿ ಬಿದ್ದಿರುತ್ತದೆ. ನೀರು ಎಲ್ಲಿಗೆ ಹೋಗುತ್ತದೆ ಎಂದರೆ, ನನ್ನ ಕಂಗಿನ (ಅಡಿಕೆ ಮರದ) ಬುಡಕ್ಕೆ ಹೋಗುತ್ತದೆ.

ಕಳೆದ ಜೂನ್ ತಿಂಗಳ ಒಂದು ಬೆಳಗ್ಗೆ ತಿರುವಿನಲ್ಲಿ ದರೆ (ಬದಿಯ ಮಣ್ಣಿನ ದಂಡೆ) ಕಡಿದುಕೊಂಡು ಬಂದ ನೀರು, ಜಲ್ಲಿ, ಡಾಂಬರಿನ ಹೆಕ್ಕಳೆ, ಒಂದು ಮಗುವಿನ ಚಪ್ಪಲಿ ಎಲ್ಲವೂ ತೋಟದ ಮೇಲಿನ ಸಾಲಿನಲ್ಲಿ ನಿಂತಿದ್ದವು. ನೀರು ಹರಿದುಹೋಗುವ ಕಣಿಯಲ್ಲಿ ಮೊಣಕಾಲೆತ್ತರ ಕೆಂಪು ಮಣ್ಣು. ಕಣಿ ತುಂಬಿದರೆ ತೋಟದ ಉಸಿರು ಕಟ್ಟುತ್ತದೆ. ಅಡಿಕೆಯ ಬೇರು ನಿಂತ ನೀರನ್ನು ತಡೆಯುವುದಿಲ್ಲ, ಮೊದಲು ಸೋಗೆ ಹಳದಿಯಾಗುತ್ತದೆ, ಮತ್ತೆ ಹಿಂಗಾರ ಸಣ್ಣದಾಗುತ್ತದೆ. ಆ ಸಾಲಿನ ಹನ್ನೊಂದು ಮರಗಳನ್ನು ನಾನು ಕಡಿದಾಯಿತು. ಕಣಿ ಬಿಡಿಸಲು ಕೊಟ್ಟ ಕೂಲಿಯನ್ನು ಯಾವ ಎಸ್ಟಿಮೇಟಿನಲ್ಲಿ ಬರೆಯುವುದು?

ಹಿಂದೆ ಹೀಗಿರಲಿಲ್ಲ. ರಸ್ತೆಯ ಕೆಳಗೆ 300 ಮಿಲಿಮೀಟರಿನ ಹ್ಯೂಮ್ (ಕಾಂಕ್ರೀಟು) ಪೈಪಿನ ಒಂದು ಮೋರಿ ಇದೆ. ನೀರು ಅದರಲ್ಲಿ ಆಚೆ ದಾಟಿ, ಹಳೆಯ ಕಣಿಯಲ್ಲಿ ತೋಡಿಗೆ ಸೇರುತ್ತಿತ್ತು. ಈಗ ಪೈಪಿನ ಬಾಯಿಯಲ್ಲಿ ಹಾಳೆ, ಸೋಗೆ, ಪ್ಲಾಸ್ಟಿಕ್. ತಿರುವಿನ ಕೆಳಗಿನ ಖಾಲಿ ಜಾಗಕ್ಕೆ ಎರಡು ವರ್ಷದ ಹಿಂದೆ ಆವರಣ ಗೋಡೆ ಕಟ್ಟಿದಾಗ ಆ ಬದಿಯ ಸಣ್ಣ ಕಣಿಯೂ ಮುಚ್ಚಿಹೋಯಿತು. ನನ್ನ ಬೇಡಿಕೆ ಒಂದೇ: ಮೋರಿಗೆ 600 ಮಿಲಿಮೀಟರಿನ ಪೈಪು ಹಾಕಬೇಕು. ವ್ಯಾಸ ಎರಡು ಪಾಲಾದರೆ ಬಾಯಿಯ ವಿಸ್ತಾರ ನಾಲ್ಕು ಪಾಲಾಗುತ್ತದೆ. ಅಡಿಕೆ ಹಾಳೆ ಅಡ್ಡ ಬಿದ್ದರೂ ನೀರು ಹೋಗುತ್ತದೆ. ಅದಾಗದೆ ನಾನು ಸಮ್ಮತಿ ಪತ್ರಕ್ಕೆ ಸಹಿ ಹಾಕುವುದಿಲ್ಲ.

ವಾರ್ಡ್ ಸದಸ್ಯೆ

ಚರ್ಚೆ ಆರಂಭಿಸಿದವರಿಗೆ ವಂದನೆಗಳು. ಈ ಕಾಮಗಾರಿಯ ಬೇಡಿಕೆ ಗ್ರಾಮಸಭೆಯಿಂದಲೇ ಬಂದದ್ದು ಎಂಬುದನ್ನು ನೆನಪಿಸುತ್ತೇನೆ. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯಂತೆ ಮೂರು ತಿಂಗಳಿಗೊಮ್ಮೆ ಗ್ರಾಮಸಭೆ ಸೇರಬೇಕು, ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಹಾಜರಿರಬೇಕು. ಸಂಚಾಲಕಿಯಾಗಿ ಆ ಹತ್ತು ಮಂದಿಯನ್ನು ಒಟ್ಟುಗೂಡಿಸಲು ನಾನು ಎಷ್ಟು ಮನೆಗಳ ಮೆಟ್ಟಿಲು ಹತ್ತಿದ್ದೇನೆಂದು ನನ್ನ ಮೊಣಕಾಲಿಗೆ ಗೊತ್ತು. ಈಗ ಇಲ್ಲಿ ಬರೆದ ಇಬ್ಬರು ಆ ದಿನ ಬಂದಿರಲಿಲ್ಲ. ಆಕ್ಷೇಪವಾಗಿ ಹೇಳುತ್ತಿಲ್ಲ, ಬಂದಿದ್ದರೆ ಚರಂಡಿಯ ವಿಷಯ ಅಂದೇ ನಡಾವಳಿಯಲ್ಲಿ ದಾಖಲಾಗುತ್ತಿತ್ತು.

ವರ್ಷದ ನಡುವೆ ಯೋಜನೆಯ ಸ್ವರೂಪ ಬದಲಾದರೆ ಆಡಳಿತ ಸಮಿತಿಯ ತೀರ್ಮಾನ, ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆ, ಮತ್ತೆ ತಾಂತ್ರಿಕ ಅನುಮತಿ ಎಲ್ಲವೂ ಬೇಕು. ಮಾರ್ಚ್ ಒಳಗೆ ಬಿಲ್ ಆಗದಿದ್ದರೆ ಅದು ಸ್ಪಿಲ್‌ಓವರ್ ಆಗಿ ಮುಂದಿನ ವರ್ಷದ ಹಣವನ್ನು ತಿನ್ನುತ್ತದೆ. ಇರುವ ಮೊತ್ತದಲ್ಲಿ ಅಗಲವೂ ಚರಂಡಿಯೂ ಎರಡೂ ಆಗುವುದಿಲ್ಲ ಎಂಬುದೇ ನಿಜವಾದ ತೊಡಕು. ಒಂದನ್ನು ಕಡಿಮೆ ಮಾಡಲು ವಾರ್ಡು ಒಪ್ಪಿದರೆ ನಾನು ಅದನ್ನು ಸಮಿತಿಯ ಮುಂದೆ ಇಡುತ್ತೇನೆ.

ಐದು ಸೆಂಟಿನ ಮನೆ

ಅಗಲವನ್ನು ಕಡಿಮೆ ಮಾಡಲು ನನ್ನ ಸಂಪೂರ್ಣ ಒಪ್ಪಿಗೆ. ನನ್ನ ಜಾಗ ಐದು ಸೆಂಟ್ (ಎಕರೆಯ ನೂರನೇ ಒಂದು ಪಾಲು ಒಂದು ಸೆಂಟ್), ರಸ್ತೆಯ ಬದಿಗೆ 14 ಮೀಟರ್ ಉದ್ದವಿದೆ. ಒಂದು ಮೀಟರ್ ಬಿಟ್ಟರೆ 14 ಚದರ ಮೀಟರ್, ಅಂದರೆ ಸೆಂಟಿನ ಮೂರನೇ ಒಂದು ಪಾಲು. ದೊಡ್ಡ ತೋಟದವರಿಗೆ ಇದು ಒಂದು ಸಾಲು ಕಂಗು. ನನಗೆ ಅಡುಗೆಮನೆಯ ಗೋಡೆ. ಪಂಚಾಯತ್ ಅಧಿಸೂಚಿಸಿದ ರಸ್ತೆಯಾದರೆ ಅದರ ಗಡಿಯಿಂದ 3 ಮೀಟರ್ ಒಳಗೆ ಆವರಣ ಗೋಡೆಯ ಹೊರತು ಏನನ್ನೂ ಕಟ್ಟುವಂತಿಲ್ಲ ಎಂದು ಅದೇ ಕಾಯ್ದೆಯ 220ನೇ ಸೆಕ್ಷನ್ ಹೇಳುತ್ತದೆ. ರಸ್ತೆ ಒಂದು ಮೀಟರ್ ಒಳಗೆ ಬಂದರೆ ಆ ಮೂರು ಮೀಟರಿನ ಗೆರೆಯೂ ಅದರೊಂದಿಗೆ ಒಳಗೆ ನಡೆದು ಬರುತ್ತದೆ. ಮಗನಿಗೊಂದು ಕೋಣೆ ಹೆಚ್ಚಿಸಬೇಕೆಂದಿದ್ದ ನಮಗೆ ಬಿಡುವುದು ಒಂದು ಮೀಟರ್, ಕಳೆದುಕೊಳ್ಳುವುದು ಆ ಕೋಣೆ. ಸಮ್ಮತಿ ಪತ್ರ ಹಿಡಿದುಕೊಂಡು ಬಂದವರಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲ.

ಶಾರ್ಜಾದಿಂದ

ಊರಿನಲ್ಲಿ ಇಲ್ಲದವನ ಮಾತೆಂದು ತಳ್ಳಿಹಾಕಬೇಡಿ. ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಯಿತು, ನಂದಾರಪದವಿನಿಂದ ಮಲೆನಾಡ ಹೆದ್ದಾರಿ ಆರಂಭವಾಯಿತು, ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ವಾಹನಗಳು ಹಾರುತ್ತವೆ. ಅಲ್ಲಿಂದ ನಮ್ಮ ಮನೆಗೆ ತಿರುಗಿದರೆ 1980ರ ದಶಕ. ಸಾರ್ವಜನಿಕ ಕೆಲಸಕ್ಕೆ ಒಂದು ಮೀಟರ್ ಜಾಗ ಬಿಡಲು ಇಷ್ಟು ಲೆಕ್ಕಾಚಾರವೇ? 5 ಮೀಟರಿಗೆ ಕಡಿಮೆಯಾದ ರಸ್ತೆಯನ್ನು ಈ ಕಾಲದಲ್ಲಿ ಯಾರೂ ಕಟ್ಟಬಾರದು. ಹತ್ತು ವರ್ಷ ಕಳೆದು ಮತ್ತೆ ಅಗಲಿಸಲು ಹೊರಟರೆ ಆಗ ಜಾಗ ಬಿಡುವವರೇ ಇರುವುದಿಲ್ಲ.

ಬೈಲಿನ ಕೃಷಿಕ

ಹೆದ್ದಾರಿಯ ಹೆಸರು ತೆಗೆದಿರುವುದರಿಂದ ಹೇಳುತ್ತೇನೆ. ಅದೇ ಹೆದ್ದಾರಿ 2025ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಕುಸಿದದ್ದು ಗದ್ದೆಯ ಮೇಲೆ ಎತ್ತರಿಸಿ ಕಟ್ಟಿದ ಜಾಗದಲ್ಲಿ. ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಜುಲೈ ತಿಂಗಳಲ್ಲಿ ವೀರಮಲೆ ಗುಡ್ಡ ರಸ್ತೆಗೆ ಜಾರಿದ್ದು ಅಗಲಕ್ಕಾಗಿ ಕಡಿದ ಜಾಗದಲ್ಲಿ. ನಮ್ಮದು ಒಂದು ಬದಿಯಲ್ಲಿ ಗುಡ್ಡ, ಇನ್ನೊಂದು ಬದಿಯಲ್ಲಿ ಬೈಲು. ಎರಡು ಪಾಠವೂ ನಮಗೇ ಅನ್ವಯಿಸುತ್ತದೆ.

ಓವರ್‌ಸಿಯರ್

ನಾನು ಪಂಚಾಯತಿನ ಇಂಜಿನಿಯರಿಂಗ್ ವಿಭಾಗದ ಓವರ್‌ಸಿಯರ್. ಇಲ್ಲಿ ಬರೆಯುತ್ತಿರುವುದು ನನ್ನ ವೈಯಕ್ತಿಕ ಅಭಿಪ್ರಾಯ, ಕಚೇರಿಯ ಉತ್ತರವಲ್ಲ. ಕನ್ನಡದಲ್ಲಿ ಬರೆಯುವ ಅಭ್ಯಾಸ ಕಡಿಮೆಯಾದ್ದರಿಂದ ತಪ್ಪಿದ್ದರೆ ಕ್ಷಮಿಸಿ.

ಚರಂಡಿ ಎಸ್ಟಿಮೇಟಿನಲ್ಲಿಲ್ಲ ಎಂಬುದು ಸತ್ಯ. ಇಟ್ಟ ಮೊತ್ತಕ್ಕೆ ಹೊಂದಿಸಿ ಎಸ್ಟಿಮೇಟ್ ಮಾಡುವಾಗ ಮೊದಲು ಬಿಟ್ಟುಹೋಗುವುದು ಯಾವಾಗಲೂ ಕಣ್ಣಿಗೆ ಕಾಣಿಸದ ಭಾಗ. ಇದು ಸರಿಯೆಂದು ನಾನು ವಾದಿಸುವುದಿಲ್ಲ. ಆದರೆ ಕಾಂಕ್ರೀಟನ್ನು ಯಾಕೆ ಆರಿಸಿದೆವು ಎಂದು ತಿಳಿಸಬೇಕು. ಡಾಂಬರಿಗೆ ನೀರು ಶತ್ರು. ಜಲ್ಲಿಗೂ ಡಾಂಬರಿಗೂ ನಡುವೆ ನೀರು ಹೊಕ್ಕರೆ ಅಂಟು ಬಿಡುತ್ತದೆ, ಅದರ ಮೇಲೆ ಚಕ್ರ ಹೋದಾಗ ಜಲ್ಲಿ ಎದ್ದು ಬರುತ್ತದೆ. 20 ಮಿಲಿಮೀಟರಿನ ಚಿಪ್ಪಿಂಗ್ ಕಾರ್ಪೆಟ್ (ಜಲ್ಲಿ ಬೆರೆಸಿದ ಡಾಂಬರಿನ ತೆಳು ಪದರ) ಇಂತಹ ಇಳಿಜಾರಿನಲ್ಲಿ ಎರಡನೇ ಮಳೆಗಾಲವನ್ನು ಕಷ್ಟದಲ್ಲಿ ದಾಟುತ್ತದೆ. ಕಾಂಕ್ರೀಟಿಗೆ ಆ ತೊಂದರೆಯಿಲ್ಲ, ಆದರೆ ಅದರ ಅಂಚಿನಲ್ಲಿ ನೀರು ಹರಿದರೆ ಅಡಿಯ ಮಣ್ಣು ಕೊಚ್ಚಿಹೋಗಿ ಚಪ್ಪಡಿ ತೂಗಾಡುತ್ತದೆ, ಮತ್ತೆ ಒಡೆಯುತ್ತದೆ. ಆದ್ದರಿಂದ ಕಾಂಕ್ರೀಟಾದರೂ ಚರಂಡಿಯಿಂದ ಬಿಡುಗಡೆಯಿಲ್ಲ.

ನನ್ನ ಸಲಹೆ ಇಷ್ಟು. ಗುಡ್ಡದ ಬದಿಯ ರಸ್ತೆಗೆ ನಡುವೆ ಉಬ್ಬು ಕೊಡುವುದಕ್ಕಿಂತ, ಇಡೀ ಅಗಲವನ್ನು ಗುಡ್ಡದ ಕಡೆಗೆ ಓರೆ ಮಾಡಿ, ಆ ಬದಿಯಲ್ಲಿ ಮಾತ್ರ ಚರಂಡಿ ಕಟ್ಟಬಹುದು. 3 ಮೀಟರ್ ಅಗಲಕ್ಕೆ ನೂರಕ್ಕೆ ಎರಡೂವರೆಯಂತೆ ಏಳೂವರೆ ಸೆಂಟಿಮೀಟರ್ ಓರೆ ಸಾಕು. ಆಗ ಎರಡು ಚರಂಡಿಯ ಖರ್ಚು ಒಂದಕ್ಕೆ ಇಳಿಯುತ್ತದೆ, ಬೈಲಿನ ಬದಿಗೆ ನೀರು ಹಾರುವುದೂ ನಿಲ್ಲುತ್ತದೆ. ಇಳಿಜಾರಿನಲ್ಲಿ 3 ಮೀಟರಿನ ರಸ್ತೆಯನ್ನೇ ಉಳಿಸಿ, ಎದುರು ಬದುರು ವಾಹನ ದಾಟಲು ಎರಡು ಕಡೆ ಮಾತ್ರ ಅಗಲ ಕೊಟ್ಟರೆ ಆಟೋದವರ ತೊಂದರೆಯೂ ನೀಗೀತು. ಹಾಗೆ ಮಾಡಿದರೆ ಮೊತ್ತ ಸರಿದೂಗಬಹುದು. ಲೆಕ್ಕ ಹಾಕದೆ ಖಚಿತವಾಗಿ ಹೇಳಲಾರೆ.

ಹಳೆಯ ಮೇಸ್ತ್ರಿ

ಓವರ್‌ಸಿಯರ್ ಅವರು ಗುಡ್ಡದ ಬದಿಯಲ್ಲಿ ಚರಂಡಿ ಎಂದಿದ್ದಾರೆ. ಕಾಗದದಲ್ಲಿ ಅದು ಚೆನ್ನಾಗಿದೆ, ಆದರೆ ಆ ಬದಿಯಲ್ಲಿ ಎಲ್ಲಿ ಬೇಕಾದರೂ ಜೆಸಿಬಿ ಇಳಿಸುವಂತಿಲ್ಲ. ಮೇಲಿನ ಪದರ ಮುರಕಲ್ಲು (ಜಂಬಿಟ್ಟಿಗೆ), ಅದು ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಅದರ ಅಡಿಯಲ್ಲಿ ಶೇಡಿ ಎಂಬ ಮೆದು ಮಣ್ಣು. ಬೇಸಿಗೆಯಲ್ಲಿ ಉಗುರಿನಿಂದ ಕೆರೆದರೆ ಬಿಳಿ ಹುಡಿಯಾಗುವ ಶೇಡಿ, ಮಳೆಗೆ ಬೆಣ್ಣೆಯಾಗುತ್ತದೆ. ಮುರಕಲ್ಲನ್ನು ದಾಟಿ ಶೇಡಿಯವರೆಗೆ ದರೆಯನ್ನು ನೆಟ್ಟಗೆ ಕಡಿದರೆ, ಮೇಲಿನ ಕಲ್ಲು ತನ್ನ ಭಾರಕ್ಕೇ ಕೆಳಗೆ ಬರುತ್ತದೆ. ಆದ್ದರಿಂದ ಅಲ್ಲಿ ಯಂತ್ರ ಬೇಡ, ಪಿಕಾಸಿಯಲ್ಲಿ ಒಂದೂವರೆ ಅಡಿ ಆಳ ಸಾಕು.

ಇನ್ನೊಂದು ವಿಷಯವನ್ನು ಇಲ್ಲಿಯವರೆಗೆ ಯಾರೂ ಹೇಳದಿರುವುದು ಆಶ್ಚರ್ಯ. ಮಂದಿರದಿಂದ ಕೆಳಗೆ ಸುಮಾರು 60 ಮೀಟರಿನಲ್ಲಿ ರಸ್ತೆಯ ಅಡಿಯಿಂದ, ಕುಡಿಯುವ ನೀರಿಗಾಗಿ ಗುಡ್ಡದೊಳಗೆ ತೋಡಿದ ಒಂದು ಸುರಂಗ ಹಾದುಹೋಗುತ್ತದೆ. ಅದರ ಕೊನೆಯ ಹತ್ತು ಕೋಲು ಉದ್ದವನ್ನು ತೋಡುವಾಗ ನನ್ನ ತಂದೆಯ ಹಿಂದೆ ಮಣ್ಣಿನ ಬುಟ್ಟಿ ಎಳೆದವನು ನಾನು. ಮೇಣದ ಬತ್ತಿ ಆರಿದರೆ ಹೊರಗೆ ಓಡಬೇಕೆಂದು ಹೇಳಿದ್ದರು. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಪಂಪು ಇಲ್ಲ, ಕರೆಂಟಿಲ್ಲ, ಏಪ್ರಿಲಿನಲ್ಲೂ ಹೆಬ್ಬೆರಳು ದಪ್ಪದ ನೀರು ಬರುತ್ತದೆ, ನಾಲ್ಕು ಮನೆಗಳು ಅದನ್ನೇ ಕುಡಿಯುತ್ತವೆ. ಅದರ ನೆತ್ತಿಗೂ ರಸ್ತೆಗೂ ನಡುವೆ ಎಷ್ಟು ಕಲ್ಲಿದೆಯೆಂದು ಯಾರೂ ಅಳೆದಿಲ್ಲ. ಅಲ್ಲಿ ಕಂಪಿಸುವ ರೋಲರ್ ಓಡಿಸಬಾರದು. ರಸ್ತೆಯ ನಕ್ಷೆಯಲ್ಲಿ ಸುರಂಗವನ್ನು ಗುರುತಿಸಿದ್ದಾರೆಯೇ?

ಕಾಂಕ್ರೀಟನ್ನು ಮಾರ್ಚಿನಲ್ಲಿ ಹಾಕುವುದಾದರೆ ಕನಿಷ್ಠ ಎರಡು ವಾರ ಒದ್ದೆ ಗೋಣಿ ಹೊದೆಸಿಡಬೇಕು. ಆ ನೀರು ಎಲ್ಲಿಂದ? ಹಿಂದೊಮ್ಮೆ ಬೇರೆ ರಸ್ತೆಯಲ್ಲಿ ಗುತ್ತಿಗೆದಾರರು ಎರಡನೇ ದಿನಕ್ಕೆ ಗೋಣಿ ಸುತ್ತಿಕೊಂಡು ಹೋದದ್ದನ್ನು ನಾನು ನೋಡಿದ್ದೇನೆ. ಬಿಸಿಲಿಗೆ ಒಣಗಿದ ಕಾಂಕ್ರೀಟಿನ ಮೇಲೆ ಬೆರಳು ಉಜ್ಜಿದರೆ ಸಿಮೆಂಟಿನ ಹುಡಿ ಬರುತ್ತಿತ್ತು. ನೀರು ಉಣಿಸುವ ಜವಾಬ್ದಾರಿಯನ್ನು ಕರಾರಿನಲ್ಲಿ ಬರೆಸಿ, ದಿನಕ್ಕೊಬ್ಬರಂತೆ ನಾವೇ ನಿಂತು ನೋಡಬೇಕು.

ಓವರ್‌ಸಿಯರ್

ಸುರಂಗ ನಮ್ಮ ನಕ್ಷೆಯಲ್ಲಿಲ್ಲ. ಆಸ್ತಿ ರಿಜಿಸ್ಟರಿನಲ್ಲಿ ರಸ್ತೆಯಿದೆ, ಮೋರಿಯಿದೆ. ಖಾಸಗಿ ಸುರಂಗವನ್ನು ದಾಖಲಿಸುವ ಕಾಲಂ ಅದರಲ್ಲಿಲ್ಲ. ತಿಳಿಸಿದ್ದಕ್ಕೆ ಕೃತಜ್ಞತೆಗಳು. ಅದು ಹಾದುಹೋಗುವ ಜಾಗವನ್ನು ನನಗೆ ತೋರಿಸಬೇಕು.

ಅಂಗನವಾಡಿ ಬದಿಯ ತಾಯಿ

ನಾನು ಇದುವರೆಗೆ ಸುಮ್ಮನೆ ಓದುತ್ತಿದ್ದೆ. ನನ್ನ ಮಗಳು ಬಡ್ಸ್ ಶಾಲೆಗೆ (ವಿಶೇಷ ಅಗತ್ಯದ ಮಕ್ಕಳ ಶಾಲೆಗೆ) ಹೋಗುತ್ತಾಳೆ, ಅವಳಿಗೆ ನಡೆಯಲು ಆಗುವುದಿಲ್ಲ. ಶಾಲೆಯ ವಾಹನ ಬೇಸಿಗೆಯಲ್ಲಿ ಮನೆಯವರೆಗೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಂದಿರದ ಬಳಿ ನಿಲ್ಲುತ್ತದೆ. ಅವಳಿಗೀಗ ಹನ್ನೆರಡು ವರ್ಷ, ಮೊದಲಿನಂತೆ ಎತ್ತಿಕೊಂಡು ಗುಡ್ಡ ಹತ್ತಲು ನನ್ನಿಂದ ಸಾಧ್ಯವಿಲ್ಲ. ಮಳೆಗಾಲದ ಬಹಳಷ್ಟು ದಿನ ಅವಳು ಕಿಟಕಿಯ ಬಳಿ ಕುಳಿತು ಹಾರ್ನ್ ಕೇಳಿಸಿಕೊಳ್ಳುತ್ತಾಳೆ, ಅಷ್ಟೆ.

5 ಮೀಟರ್ ಬೇಕೆನ್ನುವವರಿಗೂ 600 ಮಿಲಿಮೀಟರ್ ಬೇಕೆನ್ನುವವರಿಗೂ ನನ್ನದೊಂದು ಬೇಡಿಕೆ: ಮುಂದಿನ ಜೂನ್‌ಗೆ ಮೊದಲು ಒಂದು ವಾಹನ ಹಾಯಾಗಿ ಇಳಿದು ಹತ್ತುವ ರಸ್ತೆಯಾಗಬೇಕು. ಯಾವ ಅಗಲದ್ದಾದರೂ ಆದೀತು. ಸ್ಪಿಲ್‌ಓವರ್ ಎಂದರೆ ಕಚೇರಿಯಲ್ಲಿ ಒಂದು ಕಾಲಂ ಇರಬಹುದು, ನಮಗೆ ಅದು ಇನ್ನೊಂದು ಮಳೆಗಾಲ.

ಗುಡ್ಡೆಮನೆ

ತಾಯಿಯವರ ಬರಹ ಓದಿದ ಮೇಲೆ ನನ್ನ ಮೊದಲ ಬರಹದ ಧಾಟಿಯ ಬಗ್ಗೆ ನನಗೇ ಸಂಕೋಚವಾಯಿತು. 'ತೀರ್ಮಾನಿಸಿದ ಮೇಲೆ ಮಾತಾಡೋಣ' ಎಂದು ಬರೆಯುವುದು, ಮನೆಯ ಮುಂದೆ ಕಾರು ನಿಲ್ಲುವವನಿಗೆ ಸುಲಭ. ಆದ್ದರಿಂದ ಓವರ್‌ಸಿಯರ್ ಅವರ ಸಲಹೆಯನ್ನು, ಅಂದರೆ 3 ಮೀಟರ್ ರಸ್ತೆ, ಗುಡ್ಡದ ಬದಿಗೆ ಓರೆ, ಎರಡು ಕಡೆ ದಾಟುವ ಜಾಗ, ಒಂದು ಚರಂಡಿ ಎಂಬುದನ್ನು ನಾನು ಒಪ್ಪುತ್ತೇನೆ.

ಅದರೊಂದಿಗೆ ಎರಡು ಮಾತು. ಕುಡಿಯುವ ನೀರಿನ ಪೈಪು ನಮ್ಮ ರಸ್ತೆಗೆ ಇನ್ನೂ ಬಂದಿಲ್ಲ. ಪಕ್ಕದ ವಾರ್ಡಿನಲ್ಲಿ ಹೊಸ ಡಾಂಬರು ಹಾಕಿ ಮೂರೇ ತಿಂಗಳಿಗೆ ಪೈಪಿಗಾಗಿ ಉದ್ದಕ್ಕೂ ಸೀಳಿದರು, ಆ ಗಾಯಕ್ಕೆ ಮಣ್ಣು ತುಂಬಿಸಿ ಹೋದರು. ಕಾಂಕ್ರೀಟನ್ನು ಹಾಗೆ ಸೀಳಿದರೆ ಮತ್ತೆ ಕೂಡಿಸಲಾಗದು. ಪೈಪು ಮೊದಲು ಬರದಿದ್ದರೆ, ಕಾಂಕ್ರೀಟಿನ ಅಡಿಯಲ್ಲಿ ಮನೆಗಳಿರುವ ಕಡೆಯಲ್ಲೆಲ್ಲ ರಸ್ತೆಗೆ ಅಡ್ಡಲಾಗಿ ಖಾಲಿ ಪಿವಿಸಿ ಪೈಪು ಹೂತಿಟ್ಟು, ಎರಡು ತುದಿಗೆ ಮುಚ್ಚಳ ಹಾಕಿದರೆ ಸಾಕು. ಆ ಖರ್ಚನ್ನು ಬೇಕಾದರೆ ನಾವು ಮನೆಯವರೇ ಹಂಚಿಕೊಳ್ಳೋಣ.

ಎರಡನೆಯದು ಸಮ್ಮತಿ ಪತ್ರ. ಅದು ಮಲೆಯಾಳದಲ್ಲಿ ಮಾತ್ರ ಇದೆ. ನನ್ನ ಅತ್ತೆಯವರು ಎಂಬತ್ತರ ಹತ್ತಿರದವರು, ಕನ್ನಡ ಶಾಲೆಯಲ್ಲಿ ಕಲಿತವರು. ತೋರಿಸಿದ ಜಾಗದಲ್ಲಿ ಸಹಿ ಹಾಕಿ, ಸಂಜೆ ನನ್ನಲ್ಲಿ 'ಅದರಲ್ಲಿ ಏನು ಬರೆದಿತ್ತು' ಎಂದು ಕೇಳಿದರು. ಓದಿದಾಗ, 'ಅಗತ್ಯವಿರುವಷ್ಟು ಜಾಗ' ಎಂದಿತ್ತೇ ವಿನಾ ಒಂದು ಮೀಟರ್ ಎಂದಿರಲಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿರುವ ಪ್ರದೇಶದ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ, ಉತ್ತರವನ್ನೂ ಕನ್ನಡದಲ್ಲಿ ಪಡೆಯುವ ಅವಕಾಶ ಕೊಟ್ಟಿದೆ. ಇದನ್ನು ಭಾಷೆಯ ಜಗಳವಾಗಿ ಮಾಡಲು ನನಗೆ ಇಷ್ಟವಿಲ್ಲ. ಜಾಗ ಬಿಡುವವನಿಗೆ ತಾನು ಎಷ್ಟು ಬಿಡುತ್ತಿದ್ದೇನೆಂದು ತಿಳಿಯಬೇಕು, ಇಷ್ಟೇ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಾಗದ ಮಾತ್ರವಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಇದೆ. ಆದರೆ 10 ರೂಪಾಯಿಯ ಅರ್ಜಿ ಹಾಕಿ 30 ದಿನ ಕಾಯುವುದಕ್ಕಿಂತ, ಒಂದು ಭಾನುವಾರ ಎಲ್ಲರೂ ರಸ್ತೆಯಲ್ಲೇ ಸೇರುವುದು ಒಳ್ಳೆಯದಲ್ಲವೇ?

ವಾರ್ಡ್ ಸದಸ್ಯೆ

ಸಮ್ಮತಿ ಪತ್ರದ ಬಗ್ಗೆ ಹೇಳಿದ್ದು ನ್ಯಾಯ. ಇದುವರೆಗೆ ಪಡೆದ ಸಹಿಗಳನ್ನು ಬದಿಗಿಟ್ಟು, ಅಳತೆಯನ್ನು ಅಂಕೆಯಲ್ಲಿ ಬರೆದ ಕನ್ನಡ ಪತ್ರವನ್ನು ನಾನೇ ತಯಾರಿಸಿ ಕಾರ್ಯದರ್ಶಿಯವರಿಗೆ ಕೊಡುತ್ತೇನೆ. ಭಾನುವಾರ ಬೆಳಗ್ಗೆ 8 ಗಂಟೆಗೆ ಮಂದಿರದ ಬಳಿ ಸೇರೋಣ. ಓವರ್‌ಸಿಯರ್ ಬರಲು ಒಪ್ಪಿದ್ದಾರೆ, ರಜೆಯ ದಿನ ಎಂಬುದನ್ನು ನೆನಪಿಡಿ.

ಗುಡ್ಡೆಮನೆ

ಬರಲಾಗದವರಿಗಾಗಿ ಭಾನುವಾರದ ವಿವರ ಬರೆಯುತ್ತಿದ್ದೇನೆ. ಇಪ್ಪತ್ತಾರು ಮಂದಿ ಬಂದಿದ್ದರು. ಮೇಸ್ತ್ರಿಯವರು ಸುರಂಗದ ಬಾಯಿಯಿಂದ ಹಗ್ಗ ಹಿಡಿದು ಒಳಗೆ ಹೋಗಿ ದಿಕ್ಕು ತೋರಿಸಿದರು. ಹೊರಗೆ ರಸ್ತೆಯ ಮೇಲೆ ಅದರ ಗೆರೆಯನ್ನು ಸುಣ್ಣದಲ್ಲಿ ಎಳೆದಾಯಿತು. ಆ ಗೆರೆಯ ಎರಡೂ ಬದಿ ಐದೈದು ಮೀಟರಿನಲ್ಲಿ ರೋಲರ್ ಕಂಪಿಸದೆ ಹೋಗಬೇಕು, ಚರಂಡಿಯನ್ನು ಕೈಯಲ್ಲೇ ತೋಡಬೇಕು ಎಂದು ಓವರ್‌ಸಿಯರ್ ಬರೆದುಕೊಂಡರು.

ಆಮೇಲೆ ನಡೆದದ್ದನ್ನು ನಾವು ಯಾರೂ ನಿರೀಕ್ಷಿಸಿರಲಿಲ್ಲ. ಮಟ್ಟ ನೋಡಲು ಮೇಸ್ತ್ರಿಯವರು 20 ಮೀಟರಿನ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿಸಿ ತಂದಿದ್ದರು. ಒಂದು ತುದಿಯನ್ನು ಮೋರಿಯ ಮೇಲೆ, ಇನ್ನೊಂದನ್ನು ಹಲಸಿನ ಮರದ ತಿರುವಿನಲ್ಲಿ ಹಿಡಿದಾಗ, ಮೋರಿಯ ಜಾಗ ತಿರುವಿಗಿಂತ 11 ಸೆಂಟಿಮೀಟರ್ ಎತ್ತರದಲ್ಲಿತ್ತು. ಕೊಳವೆಯಲ್ಲಿ ಗಾಳಿಗುಳ್ಳೆ ಇರಬಹುದೆಂದು ಮೂರು ಸಲ ನೋಡಿದರು, ಮೂರು ಸಲವೂ ಅಷ್ಟೇ ಬಂತು. ಮೋರಿಯ ಅಂಚಿನಲ್ಲಿ ಪಿಕಾಸಿ ಹಾಕಿ ನೋಡಿದರೆ ಒಂದರ ಮೇಲೊಂದು ಮೂರು ಪದರ ಡಾಂಬರು. ಪ್ರತಿ ಸಲ ದುರಸ್ತಿಗೆ ಬಂದವರು ಮೋರಿಯ ಮೇಲಿನ ಹೊಂಡವನ್ನು ತುಂಬಿಸಿ ತುಂಬಿಸಿ ಅದನ್ನು ದಿಬ್ಬ ಮಾಡಿದ್ದಾರೆ. ನೀರು ಈಗ ಮೋರಿಯವರೆಗೆ ಬರುವುದೇ ಇಲ್ಲ, ಅದಕ್ಕೆ ಮೊದಲೇ ತಿರುವಿನಲ್ಲಿ ಕೆಳಗೆ ಹಾರುತ್ತದೆ. 600 ಮಿಲಿಮೀಟರಿನ ಪೈಪನ್ನು ಅದೇ ಜಾಗದಲ್ಲಿ ಹಾಕಿದ್ದರೆ ಅದು ಮಳೆಗಾಲವಿಡೀ ಒಣಗಿರುತ್ತಿತ್ತು. ನಮ್ಮ ಇಷ್ಟು ದಿನದ ವಾದದಲ್ಲಿ ಯಾರೂ ಇದನ್ನು ಹೇಳಿರಲಿಲ್ಲ, ನಾನೂ ಸೇರಿ.

ಈಗ ದಾರಿ ಎರಡು. ಮೋರಿಯ ಬಳಿ ಹಳೆಯ ಪದರಗಳನ್ನೆಲ್ಲ ಕಿತ್ತು ರಸ್ತೆಯನ್ನು ತಗ್ಗಿಸುವುದು ಒಂದು. ಹಾಗೆ ಮಾಡಿದರೆ ಮೋರಿಯ ಪೈಪಿನ ಮೇಲೆ ಮಣ್ಣೇ ಉಳಿಯುವುದಿಲ್ಲ, ಲಾರಿಯ ಭಾರಕ್ಕೆ ಪೈಪು ಒಡೆಯುತ್ತದೆ ಎಂದು ಓವರ್‌ಸಿಯರ್ ಹೇಳಿದರು. ತಿರುವಿನಲ್ಲೇ ಹೊಸ ಮೋರಿ ಮಾಡಿ, ಅಲ್ಲಿಂದ ತೋಡಿನವರೆಗೆ ಕಲ್ಲು ಕಟ್ಟಿದ ಕಣಿ ತೆಗೆಯುವುದು ಇನ್ನೊಂದು. ಬಹುಮಂದಿಗೆ ಎರಡನೆಯದು ಸರಿ ಕಂಡಿತು.

ಬೈಲಿನ ಕೃಷಿಕ

ಕೊಳವೆಯ ಒಂದು ತುದಿಯನ್ನು ನಾನೇ ಹಿಡಿದಿದ್ದರಿಂದ ಒಪ್ಪಲೇಬೇಕು: ಇಷ್ಟು ವರ್ಷ ತಪ್ಪು ಜಾಗದಲ್ಲಿ ದೊಡ್ಡ ಪೈಪು ಕೇಳುತ್ತಿದ್ದೆ. ತಿರುವಿನ ಮೋರಿಗೆ ನನ್ನ ಒಪ್ಪಿಗೆಯಿದೆ, ಪೈಪು 600ಕ್ಕೆ ಕಡಿಮೆಯಾಗಬಾರದು. ಕಣಿ ನನ್ನ ತೋಟದ ಗಡಿಯಲ್ಲಿ ಹೋಗಲಿ, ಒಂದು ಸಾಲು ಕಂಗಿನ ಜಾಗ ಬಿಡುತ್ತೇನೆ. ಆದರೆ ತಿರುವಿನಿಂದ ನನ್ನ ಗಡಿಗೆ ತಲುಪುವ ಮೊದಲು 22 ಮೀಟರ್, ಆ ಗೋಡೆ ಕಟ್ಟಿದ ಖಾಲಿ ಜಾಗದ ಒಳಗೆ ಹಾದುಹೋಗಬೇಕು. ಹಳೆಯ ಸಣ್ಣ ಕಣಿ ಇದ್ದದ್ದೂ ಅಲ್ಲಿಯೇ. ಜಾಗದವರು ಒಂದು ಮೀಟರ್ ಬಿಟ್ಟು, ಗೋಡೆಯನ್ನು ಒಳಗೆ ಸರಿಸಿದರೆ ಕೆಲಸ ಆಗುತ್ತದೆ.

ವಾರ್ಡ್ ಸದಸ್ಯೆ

ಆ ಜಾಗದವರು ಈ ಚರ್ಚೆಯಲ್ಲಿಯೇ ಇದ್ದಾರೆ. ಅವರಿಗೆ ಅಭ್ಯಂತರವಿಲ್ಲದಿದ್ದರೆ ಇಲ್ಲಿಯೇ ತಿಳಿಸಲೆಂದು ವಿನಂತಿ.

ಶಾರ್ಜಾದಿಂದ

ನಿನ್ನೆಯೇ ಓದಿದೆ. ಗೋಡೆ ಕಟ್ಟಿಸಿದಾಗ ಅಲ್ಲಿ ಕಣಿ ಇತ್ತೆಂದು ಗುತ್ತಿಗೆದಾರ ನನಗೆ ತಿಳಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಸಾರ್ವಜನಿಕ ಕೆಲಸಕ್ಕೆ ಒಂದು ಮೀಟರ್ ಎಂದು ಬರೆದವನು ನಾನೇ ಆದ್ದರಿಂದ ಈಗ ಹಿಂದೆ ಸರಿಯುವಂತಿಲ್ಲ. ಗೋಡೆಯ ಖರ್ಚಿನ ಬಗ್ಗೆ ಅಣ್ಣನ ಜೊತೆ ಮಾತಾಡಬೇಕು. ಓವರ್‌ಸಿಯರ್ ಅವರು 22 ಮೀಟರಿನ ಅಳತೆಯ ಸ್ಕೆಚ್ಚನ್ನು, ಗೋಡೆ ಈಗ ಎಲ್ಲಿದೆ, ಎಲ್ಲಿಗೆ ಬರಬೇಕು ಎಂಬ ಗುರುತಿನೊಂದಿಗೆ ಕಳುಹಿಸಲಿ. ಕನ್ನಡ ಸಮ್ಮತಿ ಪತ್ರವನ್ನೂ ಕಳುಹಿಸಿ, ಅಳತೆ ಅಂಕೆಯಲ್ಲಿರಲಿ.

ಓವರ್‌ಸಿಯರ್

ಸ್ಕೆಚ್ಚನ್ನು ಬುಧವಾರದೊಳಗೆ ಕಳುಹಿಸುತ್ತೇನೆ. ಪರಿಷ್ಕೃತ ಎಸ್ಟಿಮೇಟಿನಲ್ಲಿ ಚರಂಡಿ, ತಿರುವಿನ ಮೋರಿ, ಅಡ್ಡ ಪಿವಿಸಿ ಪೈಪು, ಎರಡು ದಾಟುವ ಜಾಗ ಸೇರಿಸಿದ್ದೇನೆ. ಕಾಂಕ್ರೀಟಿನ ಉದ್ದವನ್ನು 400ರಿಂದ 310 ಮೀಟರಿಗೆ ಇಳಿಸಬೇಕಾಯಿತು. ಉಳಿದ 90 ಮೀಟರ್ ಮಂದಿರದ ಬಳಿಯ ಸಮತಟ್ಟಿನ ಭಾಗ, ಅಲ್ಲಿ ಈಗಿನ ಡಾಂಬರಿನ ಹೊಂಡ ಮುಚ್ಚುವುದು ಮಾತ್ರ.

ಮಂದಿರ ಸ್ಟ್ಯಾಂಡಿನ ಆಟೋ

ಆ 90 ಮೀಟರ್ ನಮ್ಮ ಸ್ಟ್ಯಾಂಡಿನ ಮುಂದೆಯೇ ಬರುತ್ತದೆ. ಇರಲಿ. ಹೊಂಡ ಮುಚ್ಚುವಾಗ ದಯವಿಟ್ಟು ಆ ನೀರಿನ ಕೊಳವೆಯನ್ನು ಇಲ್ಲಿಗೂ ಒಮ್ಮೆ ತನ್ನಿ.